ಪೆಟ್ಟಿಗೆಯ ತೂಕ

ಡೊಂಗೆ ಬಂದರಿನಲ್ಲಿ ಶೂಟಿಂಗು. ನನ್ನ ವಶಕ್ಕೆ ಕೊಟ್ಟದ್ದು
ನಲವತ್ತೊಂದು ಹಳೆಯ ಪೆಟ್ಟಿಗೆ, ಹನ್ನೆರಡು ಬಟ್ಟೆಗಂಟು,
ಒಂದು ಹೊಲಿಗೆ ಯಂತ್ರ.
ಎಲ್ಲದರ ಹೊಟ್ಟೆಯಲ್ಲೂ ಥರ್ಮಾಕೋಲು.
ಯಾರ ಸೊಂಟವೂ ಹಿಡಿಯಬಾರದಲ್ಲ,
ಗುಂಪಿನ ದೃಶ್ಯಕ್ಕೆ ಕರೆಸಿದ್ದು ಎಂಬತ್ತು ದಾಟಿದವರನ್ನು,
ಸಖಾಲಿನ್ನಿಂದ ಮರಳಿದವರ ಆನ್ಸಾನ್ ವಠಾರದಿಂದ
ಒಂದು ಬಸ್ಸು ತುಂಬ, ದಿನಗೂಲಿಗೆ, ಮಧ್ಯಾಹ್ನದ ಊಟಕ್ಕೆ.

ದೃಶ್ಯ ಇಷ್ಟೇ: ಯುದ್ಧ ಮುಗಿದಿದೆ. ದ್ವೀಪಕ್ಕೆ ಹಡಗು ಬರುತ್ತದೆ,
ಜಪಾನಿನವರನ್ನು ಹತ್ತಿಸಿಕೊಳ್ಳುತ್ತದೆ,
ಕೊರಿಯಾದವರನ್ನು ದಂಡೆಗೇ ಬಿಟ್ಟು ಹೊರಡುತ್ತದೆ.
ಬಿಟ್ಟವರು ಬಿಕ್ಕಬೇಕು. ಬಿಳಿ ಕರವಸ್ತ್ರ ಬೀಸಬೇಕು.
ಹಡಗನ್ನು ಆಮೇಲೆ ಕಂಪ್ಯೂಟರಿನಲ್ಲಿ ತರುತ್ತಾರೆ.
ಸದ್ಯಕ್ಕೆ ಒಂದು ಕ್ರೇನು, ತುದಿಗೆ ಕೆಂಪು ಚಿಂದಿ,
ಅದನ್ನೇ ಎಲ್ಲರೂ ನೋಡಬೇಕು.

ಮೂರನೆಯ ಟೇಕು ಮುಗಿದಾಗ ಮಾ ಬುಲ್ಲೆ ಎಂಬ ಅಜ್ಜಿ
ಪೆಟ್ಟಿಗೆಯನ್ನು ಕಿರುಬೆರಳಿಗೆ ನೇತುಹಾಕಿಕೊಂಡು ಬಂದಳು.
"ಇದು ಹಗುರ, ಮಗಳೇ.
ಹಗುರ ಹಿಡಿದವರ ಮೈ ಹಾಗೆ ನಿಲ್ಲುವುದಿಲ್ಲ."
ಏನು ತುಂಬಲಿ ಅಂದೆ.

ಹಿತ್ತಾಳೆ ಬೋಗುಣಿ ಮೂರು.
ಕಾಲುಚೀಲದಲ್ಲಿ ಗಂಟು ಕಟ್ಟಿದ ಮೂಲಂಗಿ ಬೀಜ.
ಅಪ್ಪನ ಬೂಟು.
ಅಪ್ಪನನ್ನು ಯುದ್ಧ ಮುಗಿಯುವ ಮೊದಲೇ ಒಯ್ದಿದ್ದರಂತೆ
ಈ ಗಣಿಯಿಂದ ಆ ಗಣಿಗೆ, ಕ್ಯೂಶೂವಿಗೆ, ಬೂಟು ಹಾಕಲೂ ಬಿಡದೆ.
ಹೇಗೂ ಹಡಗು ಅತ್ತ ಕಡೆಯೇ ಹೋಗುವುದು,
ಕೊಟ್ಟೇ ಹೋಗೋಣ ಅಂತ ಅಮ್ಮ,
ಕ್ಯೂಶೂ ಅಂದರೆ ದಾರಿ ಬದಿಯ ಮನೆ ಅನ್ನುವ ಹಾಗೆ.

"ಆಗ ನಿಮಗೆಷ್ಟು ವಯಸ್ಸು?"
"ಐದು. ಪೆಟ್ಟಿಗೆ ಅಮ್ಮನದು. ನಾನು ಅದರ ಮೇಲೆ ಕೂತಿದ್ದೆ,
ಕೊರ್ಸಕೊವ್ ಗುಡ್ಡದಲ್ಲಿ, ಎಷ್ಟೋ ದಿನ.
ತೂಕ ತಿಳಿದದ್ದು ಅಮ್ಮ ಸತ್ತಾಗ,
ಮಂಚದಡಿಯಿಂದ ಎಳೆದೆನಲ್ಲ, ಆವತ್ತು.
ಮೂವತ್ತು ವರ್ಷ ಅಲ್ಯೂಮಿನಿಯಂ ತಟ್ಟೆಯಲ್ಲಿ ಉಂಡೆವು.
ಪೆಟ್ಟಿಗೆ ಬಿಚ್ಚಿರಲೇ ಇಲ್ಲ."

ನನ್ನಲ್ಲಿ ಬೋಗುಣಿ ಎಲ್ಲಿಯದು?
ಲೈಟಿನ ಕಾಲಿಗೆ ಒರಗಿಸಿದ್ದ ಮರಳುಚೀಲ ಎರಡು ಎತ್ತಿ ತುರುಕಿದೆ.
ಹಿಡಿದು ನೋಡಿದಳು. ಬಲಭುಜ ಇಳಿಯಿತು.
"ಇನ್ನೊಂದಿಷ್ಟು."

ನಿರ್ದೇಶಕ ಹುಡುಗ, ಒಳ್ಳೆಯವನು, ಬೆಳಕು ಹೋಗುತ್ತಿದೆಯೆಂಬ ಚಿಂತೆ.
ಅಜ್ಜೀ, ಕರವಸ್ತ್ರ ಬೀಸಿ, ಸ್ವಲ್ಪ ಅಳಿ,
ನೋಡುವವರಿಗೆ ತಿಳಿಯಬೇಕಲ್ಲ.
ಬುಲ್ಲೆ ಅಂದಳು: "ಅತ್ತವರು ಯಾರೂ ಇರಲಿಲ್ಲಪ್ಪ.
ಮುಂದಿನ ಹಡಗು ನಮ್ಮದು ಅಂತಿದ್ದೆವು.
ಸಾಲಿನಲ್ಲಿ ಜಾಗ ತಪ್ಪೀತೆಂದು ಉಚ್ಚೆಗೂ ಏಳಲಿಲ್ಲ.
ಅಳುವುದು ಮುಗಿದ ಮೇಲಿನ ಕೆಲಸ.
ಮುಗಿಯಿತು ಅಂತ ನಮಗೆ ಯಾರು ಹೇಳಿದರು?"

ಊಟದಲ್ಲಿ ಫೋನು ತೆರೆದು ಮಗನನ್ನು ತೋರಿಸಿದಳು.
ಸ್ಲಾವಾ, ಖೋಲ್ಮ್‌ಸ್ಕ್‌ನಲ್ಲಿ ಕ್ರೇನು ನಡೆಸುತ್ತಾನೆ,
ಅಮ್ಮನ ಭಾಷೆ ಅರ್ಧ ತಿಳಿಯುತ್ತದೆ, ಬೈಗುಳ ಪೂರ್ತಿ.
ಯುದ್ಧ ನಿಂತ ತಾರೀಕಿನ ಒಳಗೆ ಹುಟ್ಟಿದವರಷ್ಟೇ ಮರಳಬಹುದು
ಅನ್ನುತ್ತಿತ್ತು ಆಗಿನ ಕಾಯಿದೆ.
ಅವನು ಇಪ್ಪತ್ತೊಂದು ವರ್ಷ ತಡ.
"ವಿಮಾನ ನಿಲ್ದಾಣದ ಗಾಜಿಗೆ ಹಣೆ ಒತ್ತಿ ನಿಂತಿದ್ದ.
ಕೈ ಎತ್ತಲಿಲ್ಲ.
ಯಾರಿಂದ ಕಲಿತನೋ."
ಸೂಪು ಆರುವವರೆಗೆ ಫೋನಿನ ಗಾಜು ಒರೆಸಿದಳು.

ನಾಲ್ಕನೆಯ ಟೇಕಿನಲ್ಲಿ ಬಿಳಿ ಬಟ್ಟೆಗಳೆಲ್ಲ ಹಾರಿದವು.
ನಾಯಕಿ ಚೆನ್ನಾಗಿ ಅತ್ತಳು.
ಎಡ ಅಂಚಿನಲ್ಲಿ ಒಬ್ಬಳು ಪೆಟ್ಟಿಗೆ ಕೆಳಗಿಟ್ಟು
ಅದರ ಮೇಲೆ ಕೂತುಬಿಟ್ಟಳು,
ಕೆಂಪು ಚಿಂದಿಯ ಕಡೆ ನೋಡಲೂ ಇಲ್ಲ.
ಓಕೆ, ಅಂದ ಹುಡುಗ.

ಸಂಜೆ ಗಾಳಿಗೆ ಲೈಟಿನ ಸ್ಟ್ಯಾಂಡು ವಾಲುತ್ತಿತ್ತು.
ಮರಳುಚೀಲ ಯಾರು ಕದ್ದರೆಂದು ಲೈಟಿನವನ ಕೂಗಾಟ.
ಹೊರಟ ಬಸ್ಸಿನ ಕಿಟಕಿಯಲ್ಲಿ ಬುಲ್ಲೆ,
ತೊಡೆಯ ಮೇಲೆ ಪೆಟ್ಟಿಗೆ, ಅದರ ಮೇಲೆ ಎರಡೂ ಕೈ.

ನಾನು ಬಸ್ಸು ನಿಲ್ಲಿಸಲಿಲ್ಲ.
ಲೆಕ್ಕದ ಪುಸ್ತಕ ತೆರೆದು
ಪೆಟ್ಟಿಗೆ: ನಲವತ್ತು
ಅಂತ ಬರೆದೆ.